ತುದಿ ಮಡಚದ ರೋಲು

ಮಾರ್ಚ್ ೧, ಭಾನುವಾರ

ಇವತ್ತು ಮತ್ತೆ ಅವಳೇ ಗೆದ್ದಳು. ಅಲ್ಲಿ ಪಂದ್ಯವೇನೂ ನಡೆಯುವುದಿಲ್ಲ, ನನಗೂ ಗೊತ್ತು. ತಿಂಗಳ ಮೊದಲ ಭಾನುವಾರ ನಾವು ಏಳೆಂಟು ಜನ ಫಿಲ್ಮ್ ಹುಚ್ಚರು ಮಾಮನ ಫೋಟೋ ಸಾಮಾನಿನ ಅಂಗಡಿಯಲ್ಲಿ ಸೇರುತ್ತೇವೆ. ಆ ತಿಂಗಳು ಯಾರು ಏನು ಕೊಂಡರೋ ಅದನ್ನು ಗಾಜಿನ ಕೌಂಟರಿನ ಮೇಲೆ ಇಡಬೇಕು. ಎಲ್ಲರೂ ಮುಟ್ಟಿ, ಮೂಸಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಅಷ್ಟೇ ಪದ್ಧತಿ. ಹದಿನೇಳು ವರ್ಷದಿಂದ ಹೋಗುತ್ತಿದ್ದೇನೆ, ನೆಮ್ಮದಿಯಾಗಿಯೇ ಇದ್ದೆ. ಎರಡು ವರ್ಷದ ಹಿಂದೆ ನನ್ನ ಕೈಯಾರೆ ಕೆಳಮನೆಯ ವಾರಗಿತ್ತಿಯನ್ನು ಕರೆದುಕೊಂಡು ಹೋದೆನಲ್ಲ, ಅಂದಿನಿಂದ ಹೊಟ್ಟೆ ಉರಿಯದ ತಿಂಗಳಿಲ್ಲ.

ನಾನು ಇಟ್ಟದ್ದು ಫಿಲ್ಮ್ ತೊಳೆಯಲು ಬೇಕಾಗುವ ಒಂದು ಬಾಟಲಿ ಫಿಕ್ಸರ್, ಒಂದು ಫಿಲ್ಮ್ ರೋಲು. ಮೀಟರ್ ಮೇಷ್ಟ್ರು ಒಂದು ಹಳದಿ ಫಿಲ್ಟರ್ ಇಟ್ಟರು. (ಬೆಳಕು ಅಳೆಯುವ ಆ ಮೀಟರನ್ನು ಕೊರಳಿಗೆ ಹಾಕಿಕೊಂಡೇ ಸ್ನಾನಕ್ಕೂ ಹೋಗುತ್ತಾರೋ ಏನೋ.) ಆಮೇಲೆ ನಮ್ಮ ಕೆಳಮನೆಯ ಮಹಾರಾಣಿಯವರು ಚೀಲದೊಳಗಿಂದ ಮೆತ್ತನೆ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ತೆಗೆದರು. ದೂರದಿಂದ ಮುಖ ತೆಗೆಯುವುದಕ್ಕೆಂದೇ ಮಾಡಿದ ಉದ್ದನೆಯ ಲೆನ್ಸ್. ಒಂದು ಗೀರಿಲ್ಲ. ಮೇಷ್ಟ್ರು “ಆಹಾಹಾ” ಅಂದರು. ಮಾಮ ಕನ್ನಡಕ ಒರೆಸಿಕೊಂಡು ಎರಡೆರಡು ಸಲ ನೋಡಿದರು. ನನ್ನ ಫಿಕ್ಸರ್ ಬಾಟಲಿಯನ್ನು ಯಾರೋ ಪಕ್ಕಕ್ಕೆ ಸರಿಸಿದರು.

ಹೊರಡುವಾಗ ಮಾಮ ಹೇಳಿದ್ದು ಎದೆಗೆ ಬಡಿಯಿತು. “ಈ ವರ್ಷದ ಕೊನೆಗೆ ಬಾಗಿಲು ಹಾಕ್ತೀನಿ. ನನ್ನ ಕೈಲಾಗಲ್ಲ. ಕಿಟಕಿಗೆ ಹಾಕೋ ಫೋಟೋ ಈ ಸಲದ್ದೇ ಕೊನೇದು. ಮೇ ಮೂವತ್ತೊಂದರೊಳಗೆ ಕೊಡಿ.”

ಅಂಗಡಿಯ ಕಿಟಕಿಯಲ್ಲಿ ಒಂದೇ ಮರದ ಚೌಕಟ್ಟಿದೆ. ಪ್ರತಿ ಜೂನಿನಲ್ಲಿ ನಮ್ಮಲ್ಲಿ ಒಬ್ಬರ ಒಂದು ಫೋಟೋ ಅದರಲ್ಲಿ ಕೂರುತ್ತದೆ, ಬೀದಿಯವರೆಲ್ಲ ನೋಡುತ್ತಾರೆ. ಆರು ವರ್ಷ ಕೊಟ್ಟಿದ್ದೇನೆ, ಆರು ವರ್ಷವೂ ಬೇರೆಯವರದು ಕೂತಿದೆ. ಇದು ಕೊನೆಯ ಸಲ. ನನಗೇ ಬೇಕು. ಅವಳಿಗಂತೂ ಸಿಗಕೂಡದು.

ಮಾರ್ಚ್ ೪, ಬುಧವಾರ

ಕಟ್ಟುಹಲ್ಲು ಮಾಡುವ ನಮ್ಮ ಲ್ಯಾಬಿನಲ್ಲಿ ಇವತ್ತು ಮೂರು ಸೆಟ್ಟು. ಮೇಣದ ಒಸಡಿನಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಾ ಇಡೀ ದಿನ ಅವಳ ಲೆನ್ಸಿನದೇ ಯೋಚನೆ. ಯಾರದೋ ದವಡೆಗೆ ಎರಡು ಕೋರೆಹಲ್ಲು ಅದಲುಬದಲಾಗಿ ಕೂರಿಸಿದ್ದೆ. ಪುಣ್ಯಕ್ಕೆ ಲ್ಯಾಬಿನ ಯಜಮಾನರು ನೋಡಲಿಲ್ಲ.

ಕಲಿಸಿದವಳು ನಾನು. ಫಿಲ್ಮ್ ಹಾಕುವುದು, ಸುತ್ತುವುದು, ಬಚ್ಚಲುಮನೆಯಲ್ಲಿ ಕೆಮಿಕಲ್ ಹಾಕಿ ತೊಳೆದು ಚಿತ್ರ ಬರಿಸುವುದು, ಎಲ್ಲ. ಒಂದನ್ನು ಬಿಟ್ಟು. ಅದನ್ನು ಇಲ್ಲಿ ಬರೆದುಬಿಡುತ್ತೇನೆ, ಇದನ್ನು ಓದುವವರು ಯಾರಿದ್ದಾರೆ?

ರೋಲು ಮುಗಿದಾಗ ಅದನ್ನು ಡಬ್ಬಿಯೊಳಕ್ಕೆ ವಾಪಸ್ ಸುತ್ತುತ್ತೇವೆ. ಮನೆಯಲ್ಲೇ ತೊಳೆಯುವವರು ಪೂರ್ತಿ ಒಳಗೆ ಬಿಡುವುದಿಲ್ಲ, ಆಮೇಲೆ ಹಿಡಿದು ಎಳೆಯಲು ಫಿಲ್ಮಿನ ತುದಿ ನಾಲಿಗೆಯ ಹಾಗೆ ಹೊರಗೆ ಉಳಿಯಬೇಕು. ಆದರೆ ಹಾಗೆ ಉಳಿಸಿದರೆ ಮುಗಿದ ರೋಲೂ ಹೊಸ ರೋಲೂ ಅಕ್ಕತಂಗಿಯರಂತೆ ಒಂದೇ ಥರ. ಅದಕ್ಕೇ ಮುಗಿದ ಕೂಡಲೇ ತುದಿಯ ಮೂಲೆಯನ್ನು ಉಗುರಿನಿಂದ ಮಡಚಿಬಿಡಬೇಕು. ಮಡಚಿದ್ದರೆ ಮುಗಿದದ್ದು, ಮಡಚದಿದ್ದರೆ ಹೊಸದು. ಹಳಬರಿಗೆಲ್ಲ ಇದು ಕೈಗೆ ಬಂದಿರುತ್ತದೆ.

ಅವಳು ಕೇಳಿದ್ದಳು, ಬಾಯಿ ಬಿಟ್ಟು ಕೇಳಿದ್ದಳು. “ಅಕ್ಕಾ, ಎರಡೂ ಒಂದೇ ಥರ ಕಾಣುತ್ತಲ್ಲಾ, ಮರೆತುಹೋದ್ರೆ ಏನ್ಮಾಡೋದು?”

“ನೆನಪಿಟ್ಕೋಬೇಕು” ಅಂದೆ.

ಆಗಲೇ ಅವಳ ಎರಡನೇ ರೋಲಿನ ಫೋಟೋ ನೋಡಿ ಎಲ್ಲರೂ ಹೊಗಳಿದ್ದರು. ಎಲ್ಲ ಹೇಳಿಕೊಟ್ಟವಳು ಒಂದನ್ನು ಇಟ್ಟುಕೊಂಡರೆ ಏನು ಮಹಾ?

ಮಾರ್ಚ್ ೧೫, ಭಾನುವಾರ

ಮಹಾರಾಣಿಯವರು ಕಪ್ಪು ಚೀಲ ತರಿಸಿದ್ದಾರೆ. ಬೆಳಕಿನಲ್ಲೇ ಕೂತು ಒಳಗೆ ಕೈ ತೂರಿಸಿ ಫಿಲ್ಮ್ ಸುರುಳಿಗೆ ಹಾಕಬಹುದು. ನಾನು ಹದಿನೇಳು ವರ್ಷದಿಂದ ಬಟ್ಟೆ ಬೀರುವಿನೊಳಗೆ ಮುದುರಿ ಕೂತು ಹಾಕುತ್ತಿದ್ದೇನೆ.

ಅತ್ತೆ ಅವಳ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿ, “ಇದಕ್ಕೆ ತೋಳು ಮಾತ್ರ ಹೊಲಿದಿದ್ದಾರೆ, ತಲೆ ಹಾಕೋಕೆ ಜಾಗವೇ ಇಲ್ವಲ್ಲೇ” ಅಂದರು. ಎಲ್ಲರೂ ನಕ್ಕರು. ನಾನು ಮೇಲೆ ಬಂದುಬಿಟ್ಟೆ.

“ಹಲ್ಲು ನೋವಾ? ಮುಖ ಯಾಕೆ ಹಾಗಿದೆ?” ಅಂತ ನಮ್ಮವರು ಕೇಳಿದರು. ಹೌದು ಅಂದೆ.

ಮಾರ್ಚ್ ೧೬, ಸೋಮವಾರ

“ಚೀಲ ಯಾವಾಗ ಬೇಕಾದ್ರೂ ತಗೊಳ್ಳಿ ಅಕ್ಕಾ” ಅಂದಳು. ಧಾರಾಳ ನೋಡಿ.

ಏಪ್ರಿಲ್ ೫, ಭಾನುವಾರ

ಬಂದವಳೇ ಬರೆಯಲು ಕೂತಿದ್ದೇನೆ, ಚಪ್ಪಲಿ ಕೂಡ ಬಿಚ್ಚಿಲ್ಲ.

ಆ ಫಿಲ್ಮು. ತಯಾರಿಕೆ ನಿಂತು ಎಂಟು ವರ್ಷವಾದ ಆ ಕಪ್ಪುಬಿಳುಪು ಫಿಲ್ಮು. ಅಷ್ಟು ಆಳದ ಕಪ್ಪು ಕೊಡುವ ಇನ್ನೊಂದು ಫಿಲ್ಮು ನನಗೆ ಗೊತ್ತಿಲ್ಲ. ನನ್ನ ಕೊನೆಯ ರೋಲು ಮುಗಿದ ದಿನ ನಾನು ಊಟ ಬಿಟ್ಟಿದ್ದೆ. ಅದನ್ನು, ಒಂದಲ್ಲ ಎರಡಲ್ಲ, ಆರು ರೋಲು, ಕೌಂಟರಿನ ಮೇಲೆ ಸಾಲಾಗಿ ನಿಲ್ಲಿಸಿದಳು. ಅವಳು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳಲ್ಲ, ಅಲ್ಲಿಗೆ ಬಂದ ಒಬ್ಬ ಮುದುಕರದು ಹಿಂದೆ ಸ್ಟುಡಿಯೋ ಇತ್ತಂತೆ. ತಣ್ಣಗೆ ಜೋಪಾನವಾಗಿ ಇಟ್ಟಿದ್ದರಂತೆ. ಇವಳಿಗೆ ಮಾರಿದರಂತೆ. ನನ್ನ ಹತ್ತಿರವೂ ದಿನಾ ಮುದುಕರ ದವಡೆಗಳು ಬರುತ್ತವೆ, ಒಂದಾದರೂ ಫಿಲ್ಮಿನ ಮಾತಾಡಿದ್ದುಂಟಾ!

ಮಾಮ ಒಂದು ಡಬ್ಬಿಯ ಮುಚ್ಚಳ ತೆಗೆದು ಕಣ್ಣು ಮುಚ್ಚಿ ವಾಸನೆ ನೋಡಿದರು. ಮೇಷ್ಟ್ರು ಕೊರಳಿನ ಮೀಟರನ್ನೇ ತೆಗೆದು ಪಕ್ಕಕ್ಕಿಟ್ಟರು, ಅದೇ ಮೊದಲು.

ಎಲ್ಲರ ಮುಂದೆ ಅವಳು ಎರಡು ಡಬ್ಬಿ ನನ್ನ ಕಡೆ ತಳ್ಳಿ, “ಅಕ್ಕಾ, ಇವೆರಡು ನೀವಿಟ್ಕೊಳ್ಳಿ” ಅಂದಳು.

“ಬೇಡಮ್ಮ. ಅವಧಿ ಮುಗಿದ ಮಾಲು. ನನಗೆ ನಂಬಿಕೆ ಇಲ್ಲ” ಅಂದೆ.

ಮಾಮ ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ನಾಲಿಗೆಯನ್ನು ನಾನೇ ಶಪಿಸಿಕೊಂಡೆ.

ಏಪ್ರಿಲ್ ೧೪, ಮಂಗಳವಾರ

ಮಧ್ಯಾಹ್ನ ಲ್ಯಾಬಿಗೇ ಬಂದಳು. ಅತ್ತೆಯ ಕೆಳಗಿನ ಸೆಟ್ಟು ಸಡಿಲವಾಗಿದೆಯಂತೆ, ಕರ್ಚೀಫಿನಲ್ಲಿ ಸುತ್ತಿಕೊಂಡು ತಂದಿದ್ದಳು. ಕೊಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು ಕೂತಳು, ಉದ್ದನೆ ಲೆನ್ಸ್ ಬೇರೆ. ತೋರಿಸಿಕೊಳ್ಳಲು ಬಂದಿದ್ದಾಳೆ ಅನ್ನಿಸಿ ಮೈ ಉರಿಯಿತು. ಕನ್ನಡಕ ಹಣೆಗೇರಿಸಿ, ಟೇಬಲ್ ದೀಪ ಹತ್ತಿರ ಎಳೆದುಕೊಂಡು ಸೆಟ್ಟು ಸರಿ ಮಾಡಿದೆ. ಅರ್ಧ ಗಂಟೆ ತಲೆ ಎತ್ತಲಿಲ್ಲ.

ಏಪ್ರಿಲ್ ೨೧, ಮಂಗಳವಾರ

ಆಗಿಹೋಯಿತು.

ಕೆಳಗೆ ಯಾರೂ ಇರಲಿಲ್ಲ. ಹಾಲು ತರಲು ಹೋದೆ. ಎರಡು ಮನೆಗೂ ಒಂದೇ ಫ್ರಿಜ್ಜು, ಅದು ಅವರ ಅಡುಗೆಮನೆಯಲ್ಲಿದೆ. ನಿನ್ನೆ ಅತ್ತೆ ಫ್ರಿಜ್ಜನ್ನು ಪೂರ್ತಿ ಖಾಲಿ ಮಾಡಿ ತೊಳೆದಿದ್ದರು, ಒಳಗೆಲ್ಲ ಫಳಫಳ. ಮೇಲಿನ ತಟ್ಟೆಯಲ್ಲಿ ಅವಳ ಸ್ಟೀಲ್ ಡಬ್ಬ. ತೆರೆದೆ. ಆರು ಪುಟ್ಟ ಡಬ್ಬಿಗಳು, ಮುಚ್ಚಳ ಮೇಲೆ ಮಾಡಿ ಶಿಸ್ತಾಗಿ ನಿಂತಿದ್ದವು. ಆರಕ್ಕೆ ಆರೂ ಇವೆ. ಎರಡು ವಾರವಾದರೂ ಒಂದನ್ನೂ ಮುಟ್ಟಿಲ್ಲ! ಇಟ್ಟುಕೊಂಡು ಪೂಜೆ ಮಾಡುತ್ತಾಳಾ?

ಒಂದನ್ನು ತೆಗೆದು ತುದಿ ನೋಡಿದೆ. ಮಡಚಿಲ್ಲ. ಹೊಸದೇ.

ಹಾಲು ತರುವುದನ್ನು ಮರೆತು ಮೇಲೆ ಬಂದೆ.

ಕೊಡುತ್ತೇನೆ ಅಂತ ಅವಳೇ ಹೇಳಿದ್ದಳಲ್ಲ. ಹಾಗೆ ನೋಡಿದರೆ ಇದು ಕದ್ದದ್ದಾಗುವುದಿಲ್ಲ.

ಏಪ್ರಿಲ್ ೨೫, ಶನಿವಾರ

ಎಷ್ಟು ದಿನವಾಗಿತ್ತು ಇಂಥ ದಿನ ಸಿಕ್ಕಿ! ಬಸ್ ನಿಲ್ದಾಣದ ಹಿಂದಿನ ಈಜುಕೊಳವನ್ನು ಬಣ್ಣಕ್ಕೆಂದು ಖಾಲಿ ಮಾಡಿದ್ದಾರೆ. ಕಾವಲಿನವನನ್ನು ಮಾತಿಗೆಳೆದು ಒಳಗೆ ಹೋದೆ. ನೀರಿಲ್ಲದ ಕೊಳ ಅಷ್ಟು ದೊಡ್ಡದಿರುತ್ತದೆಂದು ಗೊತ್ತೇ ಇರಲಿಲ್ಲ. ತಳದವರೆಗೂ ಸಾಲು ಸಾಲು ಬಿಳಿ ಪಿಂಗಾಣಿ ಹೆಂಚು, ಆಳದ ತುದಿಯಲ್ಲಿ ಅರ್ಧಕ್ಕೆ ಕತ್ತರಿಸಿದಂತೆ ನೆರಳು, ಮೆಟ್ಟಿಲು ಗಾಳಿಯಲ್ಲಿ ನಿಂತುಬಿಟ್ಟಿದೆ. ಒಬ್ಬ ಉಜ್ಜುವವನು ಮೊಣಕಾಲೂರಿ ಒಂದೊಂದೇ ಹೆಂಚು ತಿಕ್ಕುತ್ತಿದ್ದ. ಆ ಕೆಲಸ ನೋಡಿದರೆ ನನ್ನ ಹಲ್ಲಿನ ಕೆಲಸವೇ.

ರೋಲಿನ ಮೂವತ್ತಾರೂ ಫೋಟೋ ಮುಗಿಸಿದೆ. ಬಾಗಿಲು ಕಳಚಿಬೀಳುವ ಈ ಹಳೆ ಕ್ಯಾಮೆರಾ, ರಬ್ಬರ್ ಬ್ಯಾಂಡ್ ಹಾಕಿಕೊಂಡು ನನ್ನ ಮಾನ ಉಳಿಸಿತು. ಮೂಲೆ ಮಡಚಿ ಚೀಲಕ್ಕೆ ಹಾಕಿಕೊಂಡೆ. ಕಿಟಕಿಯ ಫೋಟೋ ಇದರಲ್ಲಿದೆ. ಗ್ಯಾರಂಟಿ ಇದೆ.

ಏಪ್ರಿಲ್ ೨೭, ಸೋಮವಾರ

ಬೆಳಗ್ಗೆ ಮೇಲೆ ಓಡಿಬಂದಳು. ಮುಖ ಬಿಳಿಚಿಕೊಂಡಿತ್ತು.

“ಅಕ್ಕಾ, ನನ್ನದೊಂದು ರೋಲ್ ಕಾಣಿಸ್ತಿಲ್ಲ. ಐದೇ ಇದೆ.”

“ಎಲ್ಲೋ ಇಟ್ಟಿರ್ತೀಯ” ಅಂದೆ. ನನ್ನ ಧ್ವನಿ ಎಷ್ಟು ಸಹಜವಾಗಿತ್ತೆಂದರೆ ನನಗೇ ಆಶ್ಚರ್ಯವಾಯಿತು.

“ಹೊಸದು ಹೋಗಿದ್ರೆ ಹೋಗ್ಲಿ. ಆ ಆರರಲ್ಲಿ ಒಂದು ಮುಗಿದದ್ದಿತ್ತು ಅಕ್ಕಾ. ಗುರುತಿಗೆ ಅದೊಂದನ್ನೇ ತಲೆಕೆಳಗಾಗಿ ಇಟ್ಟಿದ್ದೆ. ಅತ್ತೆ ಫ್ರಿಜ್ ತೊಳೆಯೋವಾಗ ಎಲ್ಲ ನೆಟ್ಟಗೆ ನಿಲ್ಲಿಸಿಬಿಟ್ಟಿದ್ದಾರೆ. ಈಗ ಹೋಗಿರೋದು ಯಾವುದು, ಉಳಿದಿರೋದು ಯಾವುದು ಒಂದೂ ಗೊತ್ತಾಗ್ತಿಲ್ಲ. ನೋಡಿ ಹೇಳೋಕೆ ಏನಾದ್ರೂ ದಾರಿ ಇದೆಯಾ?”

ಮಡಚದ ತುದಿ. ಮಡಚುವುದು ಅವಳಿಗೆ ಗೊತ್ತೇ ಇಲ್ಲವಲ್ಲ. ಹೇಳಿಕೊಟ್ಟಿರಲಿಲ್ಲವಲ್ಲ.

“ಇಲ್ಲ, ದಾರಿ ಇಲ್ಲ” ಅಂದೆ.

ಇಬ್ಬರೂ ಸೇರಿ ಹುಡುಕಿದೆವು. ಫ್ರಿಜ್ಜಿನ ಹಿಂದೆ, ಕಪಾಟಿನ ಕೆಳಗೆ, ಅವಳ ಕೈಚೀಲಗಳಲ್ಲಿ. ಟಾರ್ಚ್ ಹಿಡಿದು ನೆಲಕ್ಕೆ ಬಗ್ಗಿದವಳು ನಾನೇ. “ಅಕ್ಕಾ, ಸಾಕು, ಬೆನ್ನು ನೋವು ಬರುತ್ತೆ” ಅಂತ ಎರಡು ಸಲ ಹೇಳಿದಳು.

ಆರರಲ್ಲಿ ಒಂದು. ನನ್ನ ಕೈಗೆ ಅದೇ ಬಂದಿರಬೇಕೆಂದೇನೂ ಇಲ್ಲ. ಆರಕ್ಕೆ ಐದು ಪಾಲು ಹೊಸದೇ ಬಂದಿರುತ್ತದೆ.

ಏಪ್ರಿಲ್ ೨೯, ಬುಧವಾರ

ಇವತ್ತೂ ಹುಡುಕಿದೆವು. ಸೋಫಾ ಎತ್ತಿದೆವು.

ಮೇ ೩, ಭಾನುವಾರ

ಮಾಮನ ಕೌಂಟರಿನಲ್ಲಿ ಎಲ್ಲರೂ ಏನೇನೋ ಇಟ್ಟರು, ಅವಳು ಕೈ ಕಟ್ಟಿಕೊಂಡು ನಿಂತಿದ್ದಳು. “ಈ ಸಲ ಏನೂ ಇಲ್ವಾ?” ಅಂತ ಮೇಷ್ಟ್ರು ಕೇಳಿದರೆ “ಇಲ್ಲ ಸರ್” ಅಂದಳು. ಎರಡು ವರ್ಷದಿಂದ ನಾನು ಇದಕ್ಕೇ ಕಾದಿದ್ದೆ. ನನ್ನ ಹೊಸ ಬ್ರಷ್ಷನ್ನು ಮೇಷ್ಟ್ರು ಮೆಚ್ಚಿದರು. ರುಚಿಸಲಿಲ್ಲ.

ನಿನ್ನೆ ಶುರುಮಾಡಿದ್ದಾಳೆ, ಉಳಿದ ಐದನ್ನೂ ತೊಳೆಯುವುದಕ್ಕೆ. ಮುಗಿದ ರೋಲು ಅವುಗಳಲ್ಲಿ ಇದೆಯೋ ಇಲ್ಲವೋ ತಿಳಿಯಲು ಬೇರೆ ಉಪಾಯವಿಲ್ಲ. ತೊಳೆದರೆ ಹೊಸದೂ ಹಾಳು. ಆ ಫಿಲ್ಮಿನ ಐದು ರೋಲು! “ಹುಚ್ಚು ಹಿಡಿದಿದೆಯಾ ನಿನಗೆ?” ಅಂತ ಕಿರುಚಿಯೇ ಬಿಟ್ಟೆ.

“ಅದರಲ್ಲಿರೋದು ಮತ್ತೆ ಸಿಗಲ್ಲ ಅಕ್ಕಾ. ಹೇಳಿ ಕೇಳಿ ನಿಲ್ಲಿಸಿ ತೆಗೆಯೋ ಫೋಟೋ ಅಲ್ಲ ಅವು.”

ನಿನ್ನೆ ಮೂರು, ಇವತ್ತು ಎರಡು. ಟೈಮ್ ನೋಡಿ ಹೇಳುವುದಕ್ಕೆ ನನ್ನನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದಳು. ಪ್ರತಿ ಸಲ ತೊಳೆಯುವ ಟ್ಯಾಂಕ್ ತೆರೆದಾಗಲೂ ಗಾಜಿನಂತೆ ಖಾಲಿ ಪಟ್ಟಿ ಹೊರಬಂತು. ಐದನೆಯದು ಖಾಲಿ ಬಂದಾಗ ಅವಳು ಬಚ್ಚಲಿನ ಕಟ್ಟೆಯ ಮೇಲೆ ಕೂತು ಮೊಣಕೈಯಿಂದ ಕಣ್ಣೊರೆಸಿಕೊಂಡಳು. ಕೈಗೆ ಕೆಮಿಕಲ್ ಆಗಿತ್ತಲ್ಲ.

ಮೂರು ಸಲ ಬಾಯಿ ತೆರೆದೆ. ಮೂರು ಸಲವೂ “ಟೈಮ್ ಆಯ್ತು” ಅಂದೆ.

ಎಂಥ ಫೋಟೋ ಇದ್ದಿರಬಹುದು ಅದರಲ್ಲಿ, ಐದು ರೋಲು ಸುರಿಯುವಂಥದ್ದು? ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅಲ್ಲಿ ನಿಂತಾಗಲೂ ನನಗೆ ಅದೇ ಉರಿ.

ಮೇ ೯, ಶನಿವಾರ

ಮನೆಯವರೆಲ್ಲ ಮದುವೆಗೆ ಹೋಗಿದ್ದರು. ತಲೆನೋವು ಅಂತ ನಾನು ಉಳಿದೆ. ಅವಳದೇ ಕಪ್ಪು ಚೀಲದಲ್ಲಿ ಕೈ ತೂರಿಸಿ ರೋಲನ್ನು ಸುರುಳಿಗೆ ಹಾಕಿದೆ, ಬಚ್ಚಲಿನಲ್ಲಿ ತೊಳೆದೆ.

ಪಟ್ಟಿ ಎಳೆದಾಗ ಕಣ್ಣಿಗೆ ಬಿದ್ದದ್ದು ಕಪ್ಪೋ ಕಪ್ಪು. ಒಂದರ ಮೇಲೊಂದು ಎರಡೆರಡು ಚಿತ್ರ. ಫ್ರೇಮಿನ ಗೆರೆಗಳೂ ಕೂಡಿಲ್ಲ, ಅರ್ಧ ಬೆರಳಿನಷ್ಟು ಆಚೀಚೆ. ಹೆಂಚುಗಳು ನನ್ನವು. ಅದರ ಹಿಂದೆ ಒಬ್ಬಳು ಹೆಂಗಸು.

ಬಲ್ಬಿಗೆ ಹಿಡಿದೆ. ನೆಗೆಟಿವ್‌ನಲ್ಲಿ ಮುಖ ಕಪ್ಪಾಗಿ, ಕೂದಲು ಬೆಳ್ಳಗೆ ಕಾಣುತ್ತದಲ್ಲ, ತಕ್ಷಣ ಗುರುತು ಹತ್ತಲಿಲ್ಲ. ಹಣೆಯ ಮೇಲೆ ಏರಿಸಿದ ಕನ್ನಡಕ ನೋಡಿದ ಮೇಲೆ ಹತ್ತಿತು. ಆ ಹೆಂಗಸು ನಾನು.

ಮೇ ೧೦, ಭಾನುವಾರ

ಭೂತಗನ್ನಡಿ ಹಿಡಿದು ಮೂವತ್ತಾರೂ ನೋಡಿದೆ. ಮೂವತ್ತಾರರಲ್ಲೂ ನಾನೇ. ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿರುವ ನಾನು. ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚುವ ನಾನು. ಅರೆತೆರೆದ ಬಚ್ಚಲಿನಲ್ಲಿ ಫಿಲ್ಮಿಗೆ ಕ್ಲಿಪ್ ಹಾಕುವ ನಾನು. ಮಾಮನ ಅಂಗಡಿಯ ಹೊರಗೆ ನಿಂತು ಕಿಟಕಿಯ ಚೌಕಟ್ಟನ್ನೇ ನುಂಗುವ ಹಾಗೆ ನೋಡುತ್ತಿರುವ ನಾನು. ಲ್ಯಾಬಿನಲ್ಲಿ, ದೀಪದ ಕೆಳಗೆ, ಅತ್ತೆಯ ಹಲ್ಲು ಹಿಡಿದುಕೊಂಡ ನಾನು.

ನನ್ನ ಮದುವೆಯ ಫೋಟೋ ಬಿಟ್ಟರೆ ನನ್ನನ್ನು ಇಷ್ಟು ಹೊತ್ತು ಯಾರೂ ನೋಡಿದ ಹಾಗಿಲ್ಲ.

ಹಾಳಾದವಳು, ಒಂದು ಫೋಟೋದಲ್ಲೂ ಫೋಕಸ್ ತಪ್ಪಿಲ್ಲ.

ಮೇ ೧೪, ಗುರುವಾರ

ಎಲ್ಲ ಕೆಟ್ಟಿವೆ, ಒಂದನ್ನು ಬಿಟ್ಟು. ಲ್ಯಾಬಿನ ಆ ಫ್ರೇಮು. ದೀಪದ ಬೆಳಕು ನನ್ನ ಮುಖ, ಕೈ, ಆ ಸೆಟ್ಟಿನ ಮೇಲೆ ಮಾತ್ರ ಬಿದ್ದು ಸುತ್ತ ಕತ್ತಲಿತ್ತು. ಕತ್ತಲಿದ್ದ ಕಡೆಯೆಲ್ಲ ನನ್ನ ಈಜುಕೊಳ ಬಂದು ತುಂಬಿಕೊಂಡಿದೆ. ಖಾಲಿ ಕೊಳದ ತಳದಲ್ಲಿ, ಸಾಲು ಸಾಲು ಹೆಂಚಿನ ನಡುವೆ, ಒಬ್ಬ ಹೆಂಗಸು ಕೂತು ಹಲ್ಲು ಕೂರಿಸುತ್ತಿದ್ದಾಳೆ. ಬೇಕೆಂದರೂ ಹೀಗೆ ಬರುವುದಿಲ್ಲ.

ಮಾಮನ ಅಂಗಡಿಯ ಹಿಂದಿನ ಕತ್ತಲೆಕೋಣೆಯಲ್ಲಿ ಪ್ರಿಂಟ್ ಹಾಕಿದೆ. ಟ್ರೇಯಲ್ಲಿ ಚಿತ್ರ ಮೇಲೆದ್ದಾಗ ಮಾಮ ಪಕ್ಕದಲ್ಲೇ ಇದ್ದರು. ಬಹಳ ಹೊತ್ತು ನೋಡಿ, “ಕಿಟಕಿಗೆ ಇದೇ” ಅಂದರು. ಆರು ವರ್ಷದಿಂದ ಕಾದ ಮಾತು. ಆಮೇಲೆ ಕೇಳಿದರು, “ಯಾರು ತೆಗೆದದ್ದು?”

ನಾನು ಅಂದರೆ ಮುಗಿಯುತ್ತಿತ್ತು. ಟೈಮರ್ ಇಟ್ಟು ನನ್ನನ್ನೇ ತೆಗೆದುಕೊಂಡೆ ಅಂದರೆ ನಂಬುತ್ತಿದ್ದರು. ನಾಲಿಗೆಯ ತುದಿಗೆ ಬಂದಿತ್ತು.

“ಹೇಳ್ತೀನಿ” ಅಂದು ಒದ್ದೆ ಪ್ರಿಂಟನ್ನೇ ಎತ್ತಿಕೊಂಡು ಬಂದೆ.

ಮೇ ೧೭, ಭಾನುವಾರ

ಕೆಳಗೆ ಹೋದೆ. ಅವಳು ಒಬ್ಬಳೇ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದಳು. ಪಟ್ಟಿಯನ್ನೂ ಪ್ರಿಂಟನ್ನೂ ಮೇಜಿನ ಮೇಲೆ ಇಟ್ಟು, ನಿಂತುಕೊಂಡೇ ಹೇಳಿದೆ. ಹಾಲಿಗೆ ಬಂದದ್ದು, ಡಬ್ಬ ತೆರೆದದ್ದು, ಈಜುಕೊಳ, ಎಲ್ಲ. ಮಡಚುವ ವಿಷಯ ಹೇಳಲಿಲ್ಲ. ಅದು ಬಾಯಿಂದ ಹೊರಡಲಿಲ್ಲ.

ಅವಳು ಪಟ್ಟಿಯನ್ನು ಕಿಟಕಿಗೆ ಹಿಡಿದು ತುದಿಯಿಂದ ತುದಿಯವರೆಗೆ ನೋಡಿದಳು. ಕಾಫಿ ತಣ್ಣಗಾಯಿತು.

“ಕೇಳಿದ್ರೆ ಆರೂ ಕೊಡ್ತಿದ್ದೆ” ಅಂದಳು.

“ಗೊತ್ತು.”

“ತಗೊಂಡಿದ್ದಕ್ಕಲ್ಲ ಅಕ್ಕಾ ಸಿಟ್ಟು. ನನ್ನ ಜೊತೆ ಟಾರ್ಚ್ ಹಿಡಿದು ಹುಡುಕಿದ್ರಲ್ಲ. ಐದು ರೋಲ್ ತೊಳೆಯೋವಾಗ ಪಕ್ಕದಲ್ಲಿ ನಿಂತು ಟೈಮ್ ಹೇಳ್ತಿದ್ರಲ್ಲ. ಹೇಗೆ ಮನಸ್ಸು ಬಂತು ನಿಮಗೆ?”

ನಾನು ಕಾಫಿ ಲೋಟವನ್ನು ಮೇಜಿನ ಅಂಚಿನಿಂದ ಒಳಕ್ಕೆ ಸರಿಸಿದೆ.

“ಎಷ್ಟು ಸಾಮಾನು ತಗೊಂಡೆ ನಾನು! ಲೆನ್ಸು, ಚೀಲ, ಆ ಫಿಲ್ಮು. ಒಂದಾದ್ರೂ ನಿಮ್ಮ ಹಾಗೆ ಬರುತ್ತಾ ಅಂತ. ಆ ರಬ್ಬರ್ ಬ್ಯಾಂಡ್ ಹಾಕಿದ ಡಬ್ಬಾ ಕ್ಯಾಮೆರಾದಲ್ಲಿ ನೀವು ತೆಗೆದದ್ದು ನೋಡಿದಾಗೆಲ್ಲ ನನಗೆ ನಿದ್ದೆ ಬರ್ತಿರಲಿಲ್ಲ. ಕೊನೆಗೆ ಸಾಮಾನು ಬೇಡ, ನೀವು ಹೇಗೆ ನೋಡ್ತೀರ ಅಂತಾನೇ ನೋಡೋಣ ಅಂದ್ಕೊಂಡೆ. ಕಿಟಕಿಗೆ ನಿಮ್ಮ ಫೋಟೋನೇ ಕೊಡೋಣ ಅಂತಿದ್ದೆ. ಹೋಗಿ ಅಕ್ಕಾ ಮೇಲೆ. ನನಗೀಗ ನಿಮ್ಮ ಮುಖ ನೋಡೋಕಾಗ್ತಿಲ್ಲ.”

ಬಂದೆ.

ಮೇ ೧೮, ಸೋಮವಾರ

ಮಾತಿಲ್ಲ.

ಮೇ ೨೨, ಶುಕ್ರವಾರ

ಮಾತಿಲ್ಲ. ಹಾಲನ್ನು ಅತ್ತೆಯ ಕೈಲಿ ಮೇಲೆ ಕಳಿಸುತ್ತಾಳೆ. ಅತ್ತೆಗೆ ಮೊಣಕಾಲು ನೋವು. “ಏನು ಮಾಡಿದ್ಯೋ ಗೊತ್ತಿಲ್ಲ, ನನ್ನ ಕಾಲಿನ ಮೇಲೆ ಕರುಣೆ ಇಟ್ಟಾದ್ರೂ ಸರಿ ಮಾಡ್ಕೋ” ಅಂದರು.

ಸಂಜೆ ಮೆಟ್ಟಿಲಿನಲ್ಲಿ ಹೆಜ್ಜೆ ಸದ್ದಾದಾಗ ಬಾಗಿಲಿಗೆ ಹೋದೆ. ನಮ್ಮವರು.

ಮೇ ೨೮, ಗುರುವಾರ

ಕೆಲಸ ಮುಗಿಸಿ ಆ ಹಳೇ ಸ್ಟುಡಿಯೋದ ಮುದುಕರನ್ನು ಹುಡುಕಿಕೊಂಡು ಹೋದೆ. ಎರಡು ಬಸ್ಸು ಬದಲಿಸಬೇಕು. ಅವರ ಹತ್ತಿರ ಆ ಫಿಲ್ಮು ಇನ್ನಿಲ್ಲ. ಇದ್ದದ್ದು ಆರೇ. “ಆ ಕಣ್ಣಿನ ಡಾಕ್ಟ್ರಮ್ಮ, ‘ನಮ್ಮ ಅಕ್ಕನಿಗೆ ಇಷ್ಟವಾದ ಫಿಲ್ಮು’ ಅಂತ ತಗೊಂಡುಹೋದ್ರು” ಅಂದರು.

ಬಸ್ಸಿನಲ್ಲಿ ಅತ್ತೆ. ಅತ್ತೆ ಬಂದಿದ್ದರು ಅಂತಲ್ಲ, ನಾನು ಅತ್ತದ್ದು. ಅಳು ಬಂತು, ಅಷ್ಟೆ.

ಮೇ ೩೧, ಭಾನುವಾರ

ಕೊನೆಯ ದಿನ. ನಾನು ಏನೂ ಕೊಡಲಿಲ್ಲ. ಕೊಡಲು ನನ್ನ ಹತ್ತಿರ ಬೇರೆ ಫೋಟೋ ಇತ್ತು, ಸುಮಾರಾಗಿ ಚೆನ್ನಾಗಿಯೇ ಇತ್ತು. ಹೋಗುವ ಮನಸ್ಸೇ ಆಗಲಿಲ್ಲ. ಮಧ್ಯಾಹ್ನ ಅವಳು ಕಂಕುಳಲ್ಲಿ ಒಂದು ಲಕೋಟೆ ಇಟ್ಟುಕೊಂಡು ಗೇಟು ದಾಟಿ ಹೋದದ್ದನ್ನು ಮೇಲಿನಿಂದ ನೋಡಿದೆ. ಕೊಡೆ ಮರೆತಿದ್ದಳು. ಇಷ್ಟು ಬಿಸಿಲಲ್ಲಿ.

ಜೂನ್ ೭, ಭಾನುವಾರ

ಹೋಗಬಾರದೆಂದುಕೊಂಡೇ ಹೋದೆ. ಅಂಗಡಿಯ ಮುಂದೆ ಮೇಷ್ಟ್ರು ಮೀಟರ್ ಹಿಡಿದು ಕಿಟಕಿಯ ಬೆಳಕು ಅಳೆಯುತ್ತಿದ್ದರು. ಚೌಕಟ್ಟಿನೊಳಗೆ ನಾನಿದ್ದೆ, ಕೊಳದ ತಳದಲ್ಲಿ, ಕನ್ನಡಕ ಹಣೆಗೇರಿಸಿಕೊಂಡು. ಕೆಳಗಿನ ಚೀಟಿಯಲ್ಲಿ ಅವಳ ಅಕ್ಷರ. “ತೆಗೆದವರು: ಒಂದೇ ಮನೆಯ ಇಬ್ಬರು.”

ಒಳಗೆ ಹೋದರೆ ಕೌಂಟರಿನ ಮೇಲೆ ಎಲ್ಲರೂ ಸಾಮಾನು ಇಟ್ಟಿದ್ದರು. ಮಾಮ ಯಾರ ಕಡೆಗೂ ನೋಡದೆ “ಫೋಟೋ ನೋಡೋಕೆ ಬೀದಿಯವರು ನಿಲ್ತಿದ್ದಾರೆ” ಅಂದರು. ಅವಳು ಇನ್ನೊಂದು ತುದಿಯಲ್ಲಿದ್ದಳು, ನನ್ನ ಕಡೆ ತಿರುಗಲಿಲ್ಲ. ವಾಪಸ್ ಬರುವಾಗ ಅವಳು ಮುಂದೆ, ನಾನು ಹಿಂದೆ.

ಸಂಜೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಈ ಸಲ ಅವಳೇ. ಕೈಯಲ್ಲಿ ಕ್ಯಾಮೆರಾ. ಒಳಗೆ ಬಂದು ಊಟದ ಮೇಜಿಗೆ ಕೂತು, ಮುಗಿದ ರೋಲನ್ನು ಸುತ್ತಿ ಹೊರಗೆ ತೆಗೆದಳು. ತುದಿ ಹೊರಗೆ ಉಳಿದಿತ್ತು, ನೆಟ್ಟಗೆ.

“ಇದನ್ನೂ ಕಳ್ಕೊಳ್ಳೋಕೆ ನನಗೆ ಇಷ್ಟ ಇಲ್ಲ” ಅಂದಳು. “ತಲೆಕೆಳಗಾಗಿ ಇಟ್ಟರೆ ಅತ್ತೆ ಬಿಡಲ್ಲ. ಏನ್ಮಾಡ್ಲಿ?”

ಅವಳ ಕೈಯಿಂದ ರೋಲು ತೆಗೆದುಕೊಂಡೆ. ಉಗುರಿನಿಂದ ಮೂಲೆಯನ್ನು ಒತ್ತಿ ಮಡಚಿ ಅವಳ ಮುಂದೆ ಇಟ್ಟೆ. “ಮಡಚಿದ್ರೆ ಮುಗಿದದ್ದು. ಇಲ್ಲಾಂದ್ರೆ ಹೊಸದು.”

ಅವಳು ಆ ಮೂಲೆಯ ಮೇಲೆ ಬೆರಳಾಡಿಸಿದಳು.

“ಇದು ನಿಮಗೆ ಯಾವಾಗಿಂದ ಗೊತ್ತು?”

“ಹದಿನೇಳು ವರ್ಷದಿಂದ.”

“ನಾನು ಕೇಳಿದಾಗಲೂ?”

“ಕೇಳಿದಾಗಲೂ.”

ಎದ್ದುಹೋಗುತ್ತಾಳೆ ಅಂದುಕೊಂಡೆ. ಕುರ್ಚಿ ಹಿಂದೆ ಸರಿಯಿತು ಕೂಡ. ಕೆಳಗೆ ಅತ್ತೆ ಯಾರನ್ನೋ ಕರೆಯುತ್ತಿದ್ದರು. ಅವಳು ರೋಲನ್ನು ಎತ್ತಿಕೊಂಡಳು, ನಾನು ಮಡಚಿದ್ದನ್ನು ಬೆರಳಿನಿಂದ ನೀವಿ ನೆಟ್ಟಗೆ ಮಾಡಿದಳು, ಮತ್ತೆ ನನ್ನ ಕೈಗೆ ಕೊಟ್ಟಳು.

“ಇನ್ನೊಂದ್ಸಲ ತೋರಿಸಿ. ನಿಧಾನವಾಗಿ.”

ತೋರಿಸಿದೆ. ಆಮೇಲೆ ಅವಳು ಮಡಚಿದಳು. ಮೊದಲ ಸಲಕ್ಕೇ ನನಗಿಂತ ನೀಟಾಗಿ ಬಂತು, ಹಾಳಾದವಳಿಗೆ.